ಬೇಡ ಎನ್ನುವವರಿಲ್ಲದ ಯೋಜನೆ: ಎಫ್‌ಬಿಐನ ‘ವರ್ಚುವಲ್ ಕೇಸ್ ಫೈಲ್’ ಕುರಿತು ಒಂದು ಟಿಪ್ಪಣಿ

ಕಚೇರಿ ಬಳಕೆಯ ಸಾಫ್ಟ್‌ವೇರ್ ಯೋಜನೆಯೊಂದು ಮುಗ್ಗರಿಸಿದಾಗ ಸಾಮಾನ್ಯವಾಗಿ ಕೇಳಿಬರುವ ವಿವರಣೆ, ಬಳಕೆದಾರರು ದಿನಕ್ಕೊಂದು ಕೇಳುತ್ತಿದ್ದರು ಎಂಬುದು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರಿಗೆ ಈ ಮಾತು ಹೊಸದೇನಲ್ಲ, ಅದರಲ್ಲಿ ಸತ್ಯವೂ ಇದೆ. ಆದರೆ ಬೇಡಿಕೆಗಳು ಯಾಕೆ ಬೆಳೆದವು, ಅವುಗಳನ್ನು ತೂಗಿ ನೋಡಬೇಕಾದವರು ಯಾರು, ಅವರಿಗೆ ಆ ಅಧಿಕಾರವಿತ್ತೇ ಎಂಬ ಪ್ರಶ್ನೆಗಳನ್ನು ಕೇಳುವ ಮೊದಲೇ ಆ ಮಾತು ಚರ್ಚೆಯನ್ನು ಮುಗಿಸಿಬಿಡುತ್ತದೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2001ರಲ್ಲಿ ಆರಂಭಿಸಿ 2005ರಲ್ಲಿ ಕೈಬಿಟ್ಟ ‘ವರ್ಚುವಲ್ ಕೇಸ್ ಫೈಲ್’ ಈ ಪ್ರಶ್ನೆಗಳನ್ನು ಕೂಲಂಕಷವಾಗಿ ಪರಿಶೀಲಿಸಲು ತಕ್ಕ ಪ್ರಕರಣ. ಖಾಸಗಿ ಕಂಪನಿಯೊಳಗಿನ ಸೋಲು ಆ ಕಂಪನಿಯ ಗೋಡೆಗಳೊಳಗೇ ಉಳಿದುಬಿಡುತ್ತದೆ. ಇಲ್ಲಿ ಖರ್ಚಾದದ್ದು ಸಾರ್ವಜನಿಕರ ಹಣ. ಹಾಗಾಗಿ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್, ರಾಷ್ಟ್ರೀಯ ಸಂಶೋಧನಾ ಮಂಡಳಿ, ಸೆನೆಟ್ ಸಮಿತಿ ಎಲ್ಲರೂ ಇದನ್ನು ಬಿಡಿಸಿ ನೋಡಿದ ದಾಖಲೆ ಉಳಿದಿದೆ.

ಆ ದಾಖಲೆಯನ್ನು ಓದಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದು. ಇಲ್ಲಿ ಬಂದ ಬೇಡಿಕೆಗಳಲ್ಲಿ ಮುಖ್ಯವಾದವೆಲ್ಲ ನ್ಯಾಯವಾದವೇ ಆಗಿದ್ದವು. ಯೋಜನೆಯನ್ನು ಕೆಡವಿದ್ದು ಒಂದು ಬೇಡಿಕೆಯನ್ನು ಇನ್ನೊಂದರ ಎದುರಿಟ್ಟು ಇದು ಮೊದಲು, ಅದು ಆಮೇಲೆ ಎಂದು ಹೇಳಬಲ್ಲ ಯಾರೂ ಇಲ್ಲದೆ ಹೋದದ್ದು, ಮತ್ತು ಹಾಗೆ ಹೇಳುವುದೇ ಅಸಾಧ್ಯವಾಗುವಂತೆ ಯೋಜನೆಯನ್ನು ಹೆಣೆದದ್ದು.

ಮೊದಲು ಹಿನ್ನೆಲೆ. ಎಫ್‌ಬಿಐ ಏಜೆಂಟರು 1995ರಿಂದ ‘ಆಟೊಮೇಟೆಡ್ ಕೇಸ್ ಸಪೋರ್ಟ್’ ಎಂಬ ವ್ಯವಸ್ಥೆಯನ್ನು ಬಳಸುತ್ತಿದ್ದರು. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ, ಎಲ್ಲವೂ ಕೀಲಿಮಣೆಯ ಆಜ್ಞೆಗಳಿಂದಲೇ ನಡೆಯಬೇಕು. ಬಂದ ದಿನದಿಂದಲೇ ಅದು ಹಳತಾಗಿತ್ತು. ಅಧಿಕೃತ ದಾಖಲೆ ಕಾಗದದ್ದೇ ಆಗಿದ್ದರಿಂದ ಅನೇಕ ಏಜೆಂಟರು ಅದನ್ನು ಮುಟ್ಟದೆಯೇ ಕೆಲಸ ಸಾಗಿಸುತ್ತಿದ್ದರು. 2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಸುಮಾರು 38 ಕೋಟಿ ಡಾಲರುಗಳ ‘ಟ್ರಿಲಜಿ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸ ಕಂಪ್ಯೂಟರುಗಳು, ಹೊಸ ನೆಟ್‌ವರ್ಕ್, ತನಿಖಾ ಸಾಫ್ಟ್‌ವೇರಿನ ಸುಧಾರಣೆ ಹೀಗೆ ಅದಕ್ಕೆ ಮೂರು ಭಾಗ. ಮೂರನೆಯ ಭಾಗದ ಗುತ್ತಿಗೆ 2001ರ ಜೂನ್‌ನಲ್ಲಿ ಎಸ್‌ಎಐಸಿ ಎಂಬ ಕಂಪನಿಗೆ ಸಿಕ್ಕಿತು. ಆಗ ಕೇಳಿದ್ದ ಕೆಲಸ ಚಿಕ್ಕದು: ಹಳೆಯ ವ್ಯವಸ್ಥೆಗಳ ಮುಂದೆ ಬ್ರೌಸರ್‌ನಲ್ಲಿ ತೆರೆಯುವ ಸರಳ ಪುಟಗಳನ್ನು ಕೂರಿಸುವುದು. ಹಿಂದಿನ ದತ್ತಾಂಶ ಇದ್ದಲ್ಲೇ ಇರುತ್ತಿತ್ತು.

ಆ ವರ್ಷ ಎಫ್‌ಬಿಐಗೆ ಬಿದ್ದ ಪೆಟ್ಟುಗಳನ್ನು ಸಾಲಾಗಿ ಇಟ್ಟು ನೋಡಬೇಕು. ಫೆಬ್ರುವರಿಯಲ್ಲಿ ರಾಬರ್ಟ್ ಹ್ಯಾನ್ಸನ್ ಬಂಧನವಾಯಿತು. ರಷ್ಯನ್ನರಿಗೆ ದಶಕಗಳ ಕಾಲ ಗುಟ್ಟು ಮಾರಿದ ಈ ಏಜೆಂಟ್, ತನ್ನ ಮೇಲೇ ಅನುಮಾನ ಬಂದಿದೆಯೇ ಎಂದು ತಿಳಿಯಲು ಸಂಸ್ಥೆಯ ಇದೇ ಕೇಸ್ ವ್ಯವಸ್ಥೆಯಲ್ಲಿ ಹುಡುಕುತ್ತಿದ್ದ. ಯಾರೂ ತಡೆಯಲಿಲ್ಲ, ಯಾರ ಗಮನಕ್ಕೂ ಅದು ಬರಲಿಲ್ಲ. ಮೇ ತಿಂಗಳಲ್ಲಿ ಒಕ್ಲಹೋಮ ಬಾಂಬ್ ಸ್ಫೋಟದ ಅಪರಾಧಿ ಟಿಮೊತಿ ಮೆಕ್‌ವೇಗೆ ಮರಣದಂಡನೆ ಜಾರಿಯಾಗಲು ಕೆಲವೇ ದಿನಗಳಿದ್ದಾಗ, ಅವನ ವಕೀಲರಿಗೆ ಕೊಡಬೇಕಾಗಿದ್ದ 3,000ಕ್ಕೂ ಹೆಚ್ಚು ಪುಟಗಳು ಕಚೇರಿಗಳಲ್ಲೇ ಉಳಿದಿದ್ದವೆಂದು ಗೊತ್ತಾಯಿತು. ಶಿಕ್ಷೆ ಜೂನ್ 11ಕ್ಕೆ ಮುಂದೆ ಹೋಯಿತು. ಸೆಪ್ಟೆಂಬರ್ 11ರ ದಾಳಿಯ ನಂತರ, ಶಂಕಿತರ ಭಾವಚಿತ್ರಗಳನ್ನು ದೂರದ ಕಚೇರಿಗಳಿಗೆ ಕಂಪ್ಯೂಟರ್ ಮೂಲಕ ಕಳಿಸಲಾಗದೆ ಕೊರಿಯರ್‌ನಲ್ಲಿ ಕಳಿಸಬೇಕಾಯಿತು. ರಾಬರ್ಟ್ ಮ್ಯುಲರ್ ನಿರ್ದೇಶಕರಾಗಿ ಬಂದು ಆಗ ಒಂದು ವಾರವಷ್ಟೇ ಆಗಿತ್ತು.

ಈ ಮೂರು ಪೆಟ್ಟುಗಳಿಂದ ಮೂರು ಬೇಡಿಕೆಗಳು ಹುಟ್ಟಿದವು. ಹ್ಯಾನ್ಸನ್ ಪ್ರಕರಣ ಹೇಳಿದ್ದು, ಯಾರು ಏನನ್ನು ನೋಡಬಹುದೆಂಬುದನ್ನು ಬಿಗಿ ಮಾಡಿ. ಸೆಪ್ಟೆಂಬರ್ 11 ಹೇಳಿದ್ದು ಅದರ ವಿರುದ್ಧ: ಎಲ್ಲ ಕಚೇರಿಗೂ ಎಲ್ಲ ಮಾಹಿತಿಯೂ ಸಿಗಲಿ. ಮೆಕ್‌ವೇ ಪ್ರಕರಣ ಹೇಳಿದ್ದು, ಒಂದು ಹಾಳೆಯೂ ಲೆಕ್ಕ ತಪ್ಪಬಾರದು, ಎಲ್ಲವೂ ನ್ಯಾಯಾಲಯದ ಮುಂದೆ ನಿಲ್ಲುವಂತಿರಬೇಕು. ಇವುಗಳಲ್ಲಿ ಯಾವುದನ್ನು ತಪ್ಪೆನ್ನುವುದು? ಆದರೆ ಮೂರನ್ನೂ ಒಂದೇ ಸಾಫ್ಟ್‌ವೇರಿನಲ್ಲಿ, ಒಂದೇ ಗಡುವಿನೊಳಗೆ ಪೂರೈಸಬೇಕಾದರೆ ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕೆಂದು ಯಾರಾದರೂ ಮೊದಲೇ ತೀರ್ಮಾನಿಸಬೇಕಿತ್ತು. ಹಾಗೆ ತೀರ್ಮಾನಿಸಿದ ಕುರುಹು ದಾಖಲೆಗಳಲ್ಲಿ ಕಾಣುವುದಿಲ್ಲ.

ಎಫ್‌ಡಿ-302 ಎಂಬ ಒಂದೇ ನಮೂನೆಯನ್ನು ಹಿಡಿದು ನೋಡಿದರೆ ತೊಡಕು ಅರ್ಥವಾಗುತ್ತದೆ. ಏಜೆಂಟ್ ಒಬ್ಬ ಸಾಕ್ಷಿಯನ್ನು ಮಾತನಾಡಿಸಿ ಬಂದು ಬರೆಯುವ ವರದಿ ಅದು. ಹಳೆಯ ಪದ್ಧತಿಯಲ್ಲಿ ಅದನ್ನು ಟೈಪ್ ಮಾಡಿ ಮುದ್ರಿಸಿ ಮೇಲಧಿಕಾರಿಯ ಸಹಿ ಪಡೆಯಬೇಕು, ಆಮೇಲೆ ಗುಮಾಸ್ತರು ಅದನ್ನು ಕಂಪ್ಯೂಟರಿಗೆ ಏರಿಸಬೇಕು, ಸಹಿ ಇರುವ ಪ್ರತಿ ಕಡತಕ್ಕೆ ಸೇರಬೇಕು. ಇದನ್ನು ಪರದೆಗೆ ತಂದ ಕೂಡಲೇ ಕಾಗದದ ಮೇಲೆ ಯಾರೂ ಕೇಳದಿದ್ದ ಪ್ರಶ್ನೆಗಳು ಏಳುತ್ತವೆ. ಮೇಲಧಿಕಾರಿ ತಿದ್ದಿದರೆ ಮೂಲ ಬರಹವನ್ನು ಉಳಿಸಬೇಕೇ? ಇನ್ನೊಂದು ನಗರದ ಏಜೆಂಟ್ ಹುಡುಕಿದರೆ ವರದಿ ಕಾಣಬೇಕೇ, ಅಥವಾ ವರದಿ ಇದೆಯೆಂಬುದಷ್ಟೇ ಗೊತ್ತಾಗಬೇಕೇ? ಮಾಹಿತಿದಾರನ ಹೆಸರಿದ್ದರೆ? ಅದನ್ನು ಯಾರು ತೆರೆದು ನೋಡಿದರೆಂಬುದು ದಾಖಲಾಗಬೇಕೇ? ಒಂದು ನಮೂನೆಯ ಒಂದು ಸಹಿಯ ಸುತ್ತಲೇ ಇಷ್ಟು. ಎಫ್‌ಬಿಐಗೆ 56 ಪ್ರಾದೇಶಿಕ ಕಚೇರಿಗಳಿದ್ದವು, ಪ್ರತಿಯೊಂದಕ್ಕೂ ತನ್ನದೇ ರೂಢಿ ಇತ್ತು.

2001ರ ಕೊನೆಯಲ್ಲಿ ಹಿರಿಯ ಅಧಿಕಾರಿಗಳು ಚಿಕ್ಕ ಯೋಜನೆಯನ್ನು ಬದಿಗೆ ಸರಿಸಿ, ಹಳೆಯ ವ್ಯವಸ್ಥೆಯನ್ನು ಪೂರ್ತಿ ಕಿತ್ತುಹಾಕಿ ಹೊಸತನ್ನೇ, ಅಂದರೆ ‘ವರ್ಚುವಲ್ ಕೇಸ್ ಫೈಲ್’ ಅನ್ನು, ಕಟ್ಟಲು ನಿರ್ಧರಿಸಿದರು. ಬಳಕೆದಾರರ ಮೇಲೆ ದೂರು ಹೊರಿಸುವವರು ಮರೆಯುವ ಸಂಗತಿ ಇದು: ಈ ಕಥೆಯ ಮೊದಲನೆಯ ಮತ್ತು ಅತಿ ದೊಡ್ಡ ಬೇಡಿಕೆ ಬಂದದ್ದು ಮೇಲಿನಿಂದ. 2002ರ ಜನವರಿಯಲ್ಲಿ ಕಾಂಗ್ರೆಸ್ ಕೆಲಸ ಬೇಗ ಮುಗಿಸಲೆಂದು ಇನ್ನೂ 7.8 ಕೋಟಿ ಡಾಲರ್ ಕೊಟ್ಟಿತು. ಕೆಲಸ ಹಿಗ್ಗಿದ ಹೊತ್ತಿನಲ್ಲೇ ಗಡುವು ಹತ್ತಿರ ಬಂತು.

ನಂತರ ಏಜೆಂಟರನ್ನೂ ಪ್ರೋಗ್ರಾಮರುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಆರು ತಿಂಗಳ ಕಾಲ ಅಗತ್ಯಗಳನ್ನು ಪಟ್ಟಿ ಮಾಡುವ ಸಭೆಗಳು ನಡೆದವು. ಇದು ಒಳ್ಳೆಯ ಕ್ರಮವೆಂದೇ ನನ್ನ ಅಭಿಪ್ರಾಯ, ಬಳಸುವವರನ್ನು ಕೇಳದೆ ಕಟ್ಟಿದ ಸಾಫ್ಟ್‌ವೇರಿನ ಪಾಡು ಇನ್ನೂ ಕೆಟ್ಟದು. ತೊಂದರೆ ಬಂದದ್ದು ಫಲಿತಾಂಶದಲ್ಲಿ. 2002ರ ನವೆಂಬರಿನಲ್ಲಿ ಹೊರಬಂದ ರಿಕ್ವೈರ್‌ಮೆಂಟ್ ದಾಖಲೆ 800 ಪುಟಗಳನ್ನು ದಾಟಿತ್ತು. ವ್ಯವಸ್ಥೆ ಏನು ಮಾಡಬೇಕು ಎಂಬಲ್ಲಿಗೆ ನಿಲ್ಲದೆ, ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕು ಎಂಬ ಮಟ್ಟದವರೆಗೂ ಅದು ಇಳಿದಿತ್ತು. ಅದರಲ್ಲಿ ಅನಿವಾರ್ಯವಾದದ್ದು, ಇದ್ದರೆ ಚೆನ್ನ ಎಂಬಂಥದ್ದು, ಯಾರೋ ಒಬ್ಬರ ಅಭ್ಯಾಸ ಎಲ್ಲವೂ ಒಂದೇ ಸಾಲಿನಲ್ಲಿ ಕೂತವು. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಷ್ಟು ಹಿಂದೆಯೇ ಇಂಥ ಅಪಾಯದ ಬಗ್ಗೆ ಬರೆದಿದ್ದರು: ಮೊದಲ ವ್ಯವಸ್ಥೆಯಲ್ಲಿ ಬಿಟ್ಟುಹೋದದ್ದನ್ನೆಲ್ಲ ಎರಡನೆಯದರಲ್ಲಿ ತುಂಬುವ ಆಸೆ ಯೋಜನೆಯನ್ನು ಭಾರಗೊಳಿಸುತ್ತದೆ.

ಗುತ್ತಿಗೆಯ ಸ್ವರೂಪ ಬೇಡಿಕೆಗಳಿಗೆ ಬಾಗಿಲು ತೆರೆದಿಟ್ಟಿತು. ಆದ ಖರ್ಚನ್ನು ತುಂಬಿಕೊಟ್ಟು, ಮೇಲೆ ಕೆಲಸದ ಗುಣಕ್ಕೆ ತಕ್ಕ ಬಹುಮಾನ ಕೊಡುವ ಬಗೆಯ ಗುತ್ತಿಗೆ ಅದು. ಇಂಥ ದಿನಕ್ಕೆ ಇಂಥದ್ದು ಮುಗಿಯಬೇಕೆಂಬ ಮೈಲಿಗಲ್ಲುಗಳಾಗಲಿ, ಮುಂದುವರಿಯಬೇಕೋ ಬೇಡವೋ ಎಂದು ನಿಂತು ನೋಡುವ ಘಟ್ಟಗಳಾಗಲಿ, ತಡವಾದರೆ ದಂಡವಾಗಲಿ ಅದರಲ್ಲಿರಲಿಲ್ಲವೆಂದು ಇನ್‌ಸ್ಪೆಕ್ಟರ್ ಜನರಲ್ ವರದಿ ಎತ್ತಿ ಹೇಳಿತು. ಹೊಸ ಬೇಡಿಕೆ ಬಂದರೆ ಕಂಪನಿಗೆ ನಷ್ಟವಿಲ್ಲ. ಕೇಳಿದ ಏಜೆಂಟನ ಕಚೇರಿ ಲೆಕ್ಕದಿಂದಲೂ ಹಣ ಹೋಗುವುದಿಲ್ಲ. ಇಬ್ಬರಿಗೂ ಬೆಲೆ ಕಾಣದ ಬೇಡಿಕೆಯನ್ನು ಯಾರು ಏಕೆ ತಡೆದಾರು?

ತಡೆಯಬೇಕಾಗಿದ್ದವರು ಕುರ್ಚಿಯಲ್ಲಿ ನಿಲ್ಲಲೇ ಇಲ್ಲ. 2001ರ ನವೆಂಬರಿನಿಂದ ಈಚೆಗೆ ಟ್ರಿಲಜಿಯನ್ನು ನೋಡಿಕೊಂಡ ಪ್ರಮುಖ ತಂತ್ರಜ್ಞಾನ ಅಧಿಕಾರಿಗಳು 15 ಮಂದಿ. ಅವರಲ್ಲಿ ಐವರು ಮುಖ್ಯ ಮಾಹಿತಿ ಅಧಿಕಾರಿಗಳು ಅಥವಾ ಹಂಗಾಮಿಗಳು, ಹತ್ತು ಮಂದಿ ಬೇರೆ ಬೇರೆ ಭಾಗಗಳ ಯೋಜನಾ ವ್ಯವಸ್ಥಾಪಕರು. ಬಂದು ಕೆಲವು ತಿಂಗಳಾದ ಅಧಿಕಾರಿ, ಇಪ್ಪತ್ತು ವರ್ಷ ಸೇವೆಯ ಏಜೆಂಟನ ಬೇಡಿಕೆಗೆ ‘ಈಗ ಆಗುವುದಿಲ್ಲ’ ಎನ್ನಬೇಕಾದರೆ ಹಿಂದಿನ ತೀರ್ಮಾನಗಳ ನೆನಪೂ ಬೇಕು, ಮುಂದೆಯೂ ತಾನಿರುತ್ತೇನೆಂಬ ಭರವಸೆಯೂ ಬೇಕು. ಎರಡೂ ಇರಲಿಲ್ಲ.

ಇಷ್ಟಾದರೂ ಯೋಜನೆ ಉಳಿಯಬಹುದಿತ್ತೇನೋ. ಅದಕ್ಕೆ ಅವಕಾಶವನ್ನೇ ಕೊಡದಿದ್ದದ್ದು ಒಂದೇ ಏಟಿನ ಬದಲಾವಣೆಯ ತೀರ್ಮಾನ. ಹಳೆಯದನ್ನು ಒಂದು ದಿನ ನಿಲ್ಲಿಸಿ ಹೊಸದನ್ನು ಎಲ್ಲ ಕಚೇರಿಗಳಲ್ಲೂ ಒಟ್ಟಿಗೆ ಚಾಲೂ ಮಾಡುವುದು, ಹಿಂದಿರುಗುವ ದಾರಿ ಇಲ್ಲ. ಈ ಟಿಪ್ಪಣಿಯ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಕೊಂಡಿ. ಮದುವೆಗೆ ಒಂದೇ ಮುಹೂರ್ತವಿದ್ದಾಗ ನೆಂಟರೆಲ್ಲರ ಶಾಸ್ತ್ರವೂ ಆ ಹೊತ್ತಿನೊಳಗೇ ಆಗಬೇಕೆಂದು ಪಟ್ಟು ಬೀಳುವುದು ಸಹಜ. ಹಾಗೆಯೇ ಒಂದೇ ದಿನ ಎಲ್ಲವೂ ಬರುವುದಾದರೆ ಆ ದಿನ ಸೇರದ ಬೇಡಿಕೆ ಎಂದೆಂದಿಗೂ ಸೇರುವುದಿಲ್ಲವೆಂಬ ಭಯ ಬಳಕೆದಾರರಿಗೆ ಬರುತ್ತದೆ. ಆಗ ಸಣ್ಣದೂ ‘ಇದಿಲ್ಲದೆ ಆಗದು’ ಎಂಬ ವೇಷ ತೊಡುತ್ತದೆ. ಅಂಕೆ ಮೀರಿದ ಬೇಡಿಕೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಂಥ ಭಯದ ಫಲ, ಆ ಭಯವನ್ನು ಹುಟ್ಟಿಸಿದ್ದು ಯೋಜನೆಯ ರಚನೆಯೇ. ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರು 2004ರ ಮೇ ತಿಂಗಳ ವರದಿಯಲ್ಲಿ ಈ ಒಂದೇ ಏಟಿನ ಯೋಚನೆಯನ್ನು ಕೈಬಿಡುವಂತೆ ಸ್ಪಷ್ಟವಾಗಿ ಹೇಳಿದರು. ಅಷ್ಟರಲ್ಲಿ ಕೋಡ್ ಬರೆದಾಗಿತ್ತು.

2003ರ ಡಿಸೆಂಬರಿನಲ್ಲಿ ಎಸ್‌ಎಐಸಿ ಸುಮಾರು ಏಳು ಲಕ್ಷ ಸಾಲುಗಳ ಕೋಡನ್ನು ಒಪ್ಪಿಸಿತು. ಎಫ್‌ಬಿಐ ಕೂಡಲೇ 17 ಕೊರತೆಗಳನ್ನು ಪಟ್ಟಿ ಮಾಡಿ ತೆಗೆದುಕೊಳ್ಳಲು ನಿರಾಕರಿಸಿತು. ಇವು ದೋಷಗಳೆಂದು ಎಫ್‌ಬಿಐ, ಇವು ಹೊಸ ಬೇಡಿಕೆಗಳೆಂದು ಕಂಪನಿ. 17 ಕೊರತೆಗಳನ್ನು ಒಡೆದು 59 ವಿಷಯಗಳನ್ನಾಗಿ ಮಾಡಿ ಮಧ್ಯಸ್ಥರ ಮುಂದಿಟ್ಟರು. ಅವರ ತೀರ್ಪಿನಲ್ಲಿ 19 ವಿಷಯಗಳು ಎಫ್‌ಬಿಐ ಬದಲಿಸಿದ ಬೇಡಿಕೆಗಳಿಂದ ಬಂದವು, ಉಳಿದ 40 ಕಂಪನಿಯದೇ ತಪ್ಪುಗಳು.

ಈ ಹಂಚಿಕೆಯನ್ನು ಎರಡು ಸಲ ಓದಬೇಕು. ನೋಡಿದ ಮೇಲೆಯೇ ಬೇಕಾದದ್ದು ಏನೆಂದು ಹೇಳುವ ಗ್ರಾಹಕನಿಂದ ಸೋತೆವೆಂಬ ವಾದವನ್ನು ಕಂಪನಿಯ ಕಡೆಯವರು ಸಾರ್ವಜನಿಕವಾಗಿ ಮುಂದಿಟ್ಟರು. 59ರಲ್ಲಿ 19, ಅಂದರೆ ಸುಮಾರು ಮೂರರಲ್ಲೊಂದು ಪಾಲಿಗೆ ಆ ಮಾತು ನಿಲ್ಲುತ್ತದೆ. ಆದರೆ ಉಳಿದ 40ನ್ನು ಪೂರ್ತಿ ಬೇರೆ ಖಾತೆಗೆ ಬರೆಯುವುದೂ ಸರಿಯಲ್ಲ. ಗಡುವು ಹಿಡಿಯಲೆಂದು ತಂಡಗಳು ಒಂದೇ ಕಾಲಕ್ಕೆ ಬೇರೆ ಬೇರೆ ಭಾಗಗಳನ್ನು ಕಟ್ಟುತ್ತಿದ್ದವು. ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆ ತಪ್ಪಾಗಿ ಕಾಣಿಸಿಕೊಳ್ಳುವುದು ಇಂಥಲ್ಲಿ ಸಾಮಾನ್ಯ. ಬೇಡಿಕೆಯ ಹಾನಿ ಬೇಡಿಕೆಯ ಹೆಸರಿನಲ್ಲೇ ದಾಖಲಾಗುವುದಿಲ್ಲ, ಬಹಳ ಸಲ ಪ್ರೋಗ್ರಾಮರನ ತಪ್ಪಿನ ರೂಪದಲ್ಲಿ ಬರುತ್ತದೆ. ಹೀಗಾಗಿ ಬೇಡಿಕೆಯ ಪಾಲು 19ಕ್ಕಿಂತ ಹೆಚ್ಚು, ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಎಂದೇ ನನ್ನ ಓದು.

ಎಲ್ಲ ಸರಿಪಡಿಸಲು ಇನ್ನೊಂದು ವರ್ಷ ಮತ್ತು 5.6 ಕೋಟಿ ಡಾಲರ್ ಬೇಕೆಂದು ಕಂಪನಿ ಕೇಳಿತು. ಎಫ್‌ಬಿಐ ಒಪ್ಪಲಿಲ್ಲ. ನ್ಯೂ ಆರ್ಲಿಯನ್ಸ್ ಕಚೇರಿಯಲ್ಲಿ ಒಂದು ಚಿಕ್ಕ ಭಾಗದ ಪ್ರಯೋಗ ನಡೆಯಿತು. 2005ರ ಆರಂಭದಲ್ಲಿ ಮ್ಯುಲರ್ ಯೋಜನೆ ಮುಗಿದ ಕಥೆಯೆಂದು ಕಾಂಗ್ರೆಸ್ಸಿಗೆ ತಿಳಿಸಿದರು. ಯೋಜನೆಗೆ ಖರ್ಚಾದ ಸುಮಾರು 17 ಕೋಟಿ ಡಾಲರುಗಳಲ್ಲಿ 10 ಕೋಟಿಗೂ ಹೆಚ್ಚು ಹಣದಿಂದ ಬಳಕೆಗೆ ಬರುವಂಥದ್ದೇನೂ ಉಳಿಯಲಿಲ್ಲ.

ಮುಂದಿನ ಯತ್ನದ ಹೆಸರು ‘ಸೆಂಟಿನೆಲ್’. ಲಾಕ್‌ಹೀಡ್ ಮಾರ್ಟಿನ್‌ಗೆ 2006ರಲ್ಲಿ ಗುತ್ತಿಗೆ ಕೊಟ್ಟು ನಾಲ್ಕು ಹಂತಗಳಲ್ಲಿ ಮಾಡಲು ಹೊರಟರು. 2010ರ ಹೊತ್ತಿಗೆ 45.1 ಕೋಟಿ ಡಾಲರ್ ಬಜೆಟ್ಟಿನಲ್ಲಿ ಸುಮಾರು 40.5 ಕೋಟಿ ಕರಗಿತ್ತು, ಮುಗಿದದ್ದು ಎರಡೇ ಹಂತ. ಆಗ ಎಫ್‌ಬಿಐ ಕೆಲಸವನ್ನು ತಾನೇ ವಹಿಸಿಕೊಂಡು ಗುತ್ತಿಗೆ ಸಿಬ್ಬಂದಿಯನ್ನು ಬಹಳವಾಗಿ ಕಡಿಮೆ ಮಾಡಿತು. ಅಗತ್ಯಗಳ ಪಟ್ಟಿಯನ್ನು ಬಳಕೆದಾರ ಮಾಡುವ ಕೆಲಸಗಳಾಗಿ ಒಡೆದು ಸುಮಾರು 670 ತುಣುಕುಗಳನ್ನು ಮಾಡಿ, ಆದ್ಯತೆಯ ಕ್ರಮದಲ್ಲಿ ಜೋಡಿಸಿ, ಎರಡು ವಾರಕ್ಕೊಮ್ಮೆ ಮುಗಿದಷ್ಟನ್ನು ಚಾಲೂ ಮಾಡಿ ತೋರಿಸುವ ಕ್ರಮ ಬಂತು. ಬೇಡಿಕೆಯ ಎದುರು ‘ಇಲ್ಲ’ ಎನ್ನುವ ಬದಲು ‘ಈ ಸಲ ಯಾವುದನ್ನು ತೆಗೆದು ಇದನ್ನು ಹಾಕೋಣ?’ ಎಂದು ಕೇಳುವುದು ಸಾಧ್ಯವಾಯಿತು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಬಳಕೆದಾರರ ಕಡೆಯವರೇ. 2012ರ ಜುಲೈ 1ರಂದು ಸೆಂಟಿನೆಲ್ ಎಲ್ಲ ಕಚೇರಿಗಳಲ್ಲಿ ಬಳಕೆಗೆ ಬಂತು.

ಇದನ್ನು ಗೆಲುವೆಂದು ಬರೆದು ಮುಗಿಸುವವರು ಬಹಳ. 2014ರಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಬಳಕೆದಾರರನ್ನೇ ಕೇಳಿದಾಗ, ಹುಡುಕಾಟದ ಸೌಲಭ್ಯ ಬಳಸಿದವರಲ್ಲಿ ತಮಗೆ ಬೇಕಾದದ್ದು ಹೆಚ್ಚಿನ ಸಲ ಸಿಗುತ್ತದೆ ಎಂದವರು ಶೇಕಡಾ 42 ಮಂದಿ ಮಾತ್ರ. ಸೆಪ್ಟೆಂಬರ್ 11ರ ನಂತರ ಎದ್ದ ಮುಖ್ಯ ಬೇಡಿಕೆಯೇ ಹುಡುಕಿದರೆ ಸಿಗಬೇಕು ಎಂಬುದಾಗಿತ್ತು. ಹದಿಮೂರು ವರ್ಷಗಳ ನಂತರವೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಪೂರ್ತಿ ಈಡೇರಿರಲಿಲ್ಲ. ಆದ್ಯತೆಯ ಸಾಲಿನಲ್ಲಿ ಹುಡುಕಾಟ ಎಲ್ಲಿ ನಿಂತಿತ್ತು, ಅದನ್ನು ಅಲ್ಲಿ ನಿಲ್ಲಿಸಿದವರು ಯಾರ ಪರವಾಗಿ ಮಾತನಾಡಿದರು ಎಂಬುದನ್ನು ಸೆಂಟಿನೆಲ್‌ನ ಅಧ್ಯಯನ ಮಾಡುವವರು ಮೊದಲು ಕೇಳಬೇಕು.