ಅಗ್ಗದ ಮನೆ ಕಂಪ್ಯೂಟರಿನಲ್ಲಿ ವಿಡಿಯೊ ಏಕೆ ತಡೆಯುತ್ತದೆ: ಹೊಸಹೊಳಲಿನ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಟಿ.ವಿ.ಯ ಹಿಂಬದಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂರುವ ಅಗ್ಗದ ಕಂಪ್ಯೂಟರಿನಲ್ಲಿ ಸಿನಿಮಾ ತಡೆದು ತಡೆದು ಬರತೊಡಗಿದರೆ, ‘ಹ್ಯಾಂಗ್ ಆಯ್ತದೆ, ಹೊಸದು ತಗೋಬೇಕು’ ಎಂಬ ತೀರ್ಮಾನ ಬೇಗ ಬಂದುಬಿಡುತ್ತದೆ. ಕೃಷ್ಣರಾಜಪೇಟೆಯ ಮಗ್ಗುಲಿನ ಹೊಸಹೊಳಲಿನಂಥ ಊರಿನಲ್ಲಿ ಹೊಸ ಯಂತ್ರ ಕೊಳ್ಳುವುದು ಅನೇಕ ಮನೆಗಳಿಗೆ ಸಣ್ಣ ಖರ್ಚಲ್ಲ. ಆದ್ದರಿಂದ ಆ ತೀರ್ಮಾನವನ್ನು ಒರೆಗೆ ಹಚ್ಚಿ ನೋಡಬೇಕು. ಪ್ರೊಸೆಸರನ್ನು ದೂರುವ ಮೊದಲು ವಿಡಿಯೊದ ಕೊಡೆಕ್ (ಅದನ್ನು ಅಡಕಗೊಳಿಸಿದ ಕ್ರಮ) ಯಾವುದು, ಯಂತ್ರಕ್ಕೆ ವಿದ್ಯುತ್ ಹೇಗೆ ತಲಪುತ್ತಿದೆ, ಮೆಮೊರಿ ಕಾರ್ಡು ಎಂಥದು ಎಂದು ಕೇಳಬೇಕೆಂಬುದು ಈ ಲೇಖನದ ವಾದ.

ಚರ್ಚೆಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೂ ಅದರಲ್ಲಿ ಸಿನಿಮಾ ತೋರಿಸುವ ಕೋಡಿ ತಂತ್ರಾಂಶವನ್ನೂ ಆರಿಸಿಕೊಂಡಿದ್ದೇನೆ. ಇವೆರಡರ ಗುಣಾವಗುಣಗಳು ಬಹಿರಂಗವಾಗಿ ದಾಖಲಾಗಿವೆ. 2012ರ ಫೆಬ್ರುವರಿಯಲ್ಲಿ 35 ಡಾಲರ್ ಬೆಲೆಗೆ ಬಂದ ಮೊದಲ ಪೈಯಲ್ಲಿ 700 ಮೆಗಾಹರ್ಟ್ಸ್‌ನ ಒಂದೇ ಕೋರ್, 256 ಮೆಗಾಬೈಟ್ ರ‍್ಯಾಮ್ ಇದ್ದವು. ಆ ಕಾಲಕ್ಕೂ ಅದು ದುರ್ಬಲ ಯಂತ್ರವೇ. ಆದರೂ ಅದು 1080ಪಿ ಸಿನಿಮಾವನ್ನು ಸರಾಗವಾಗಿ ತೋರಿಸಿತು. ಎಚ್.264 ಕ್ರಮದಲ್ಲಿ ಅಡಕಗೊಳಿಸಿದ ವಿಡಿಯೊವನ್ನು ಬಿಡಿಸಲೆಂದೇ ಅದರ ಚಿಪ್ಪಿನೊಳಗೆ ಪ್ರತ್ಯೇಕ ವ್ಯವಸ್ಥೆ ಇತ್ತು. ಆ ಹೊರೆ ಪ್ರೊಸೆಸರಿನ ಮೇಲೆ ಬೀಳುತ್ತಲೇ ಇರಲಿಲ್ಲ.

ತೊಡಕು ಹುಟ್ಟುವುದೂ ಅಲ್ಲೇ. 2013ರಲ್ಲಿ ಎಚ್‌ಇವಿಸಿ ಎಂಬ ಹೊಸ ಕೊಡೆಕ್ ಅಂಗೀಕಾರವಾಯಿತು. 2015ರ ಪೈ 2, 2016ರ ಪೈ 3 ಹೆಚ್ಚು ಕೋರ್‌ಗಳೊಂದಿಗೆ ಬಂದರೂ ಎಚ್‌ಇವಿಸಿಯನ್ನು ಬಿಡಿಸುವ ಯಂತ್ರಾಂಶ ಅವುಗಳಲ್ಲಿರಲಿಲ್ಲ. ಅದು ಬಂದದ್ದು 2019ರ ಪೈ 4ರಲ್ಲಿ. 2023ರ ಪೈ 5 ಎಚ್‌ಇವಿಸಿಯನ್ನು ಉಳಿಸಿಕೊಂಡು ಎಚ್.264ರ ಯಂತ್ರಾಂಶವನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಪ್ರೊಸೆಸರೇ ಆ ಕೆಲಸ ನಿಭಾಯಿಸುವಷ್ಟು ಬಲವಾಗಿತ್ತು. ಆದ್ದರಿಂದ ‘ಈ ಯಂತ್ರ ಎಷ್ಟು ವೇಗದ್ದು’ ಎಂಬ ಪ್ರಶ್ನೆಗಿಂತ ‘ಈ ಕಡತವನ್ನು ಇದರಲ್ಲಿ ಯಾರು ಬಿಡಿಸುತ್ತಾರೆ’ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ.

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನವನ್ನೇ ಉದಾಹರಣೆಯಾಗಿ ನೋಡೋಣ. ಹೊಯ್ಸಳ ವೀರಸೋಮೇಶ್ವರನ ಕಾಲದ, ಸುಮಾರು 1250ರ ಈ ತ್ರಿಕೂಟ ಗುಡಿಯ ಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಆರು ಪಟ್ಟಿಕೆಗಳು ಸುತ್ತುವರಿದಿವೆ. ಗುಡಿಯನ್ನು ಸುತ್ತುತ್ತಾ ಮೊಬೈಲಿನಲ್ಲಿ ವಿಡಿಯೊ ಹಿಡಿದರೆ ಚೌಕಟ್ಟಿನ ಪ್ರತಿ ಅಂಗುಲದಲ್ಲೂ ಸೂಕ್ಷ್ಮ ಕೆತ್ತನೆ, ಅದೂ ಎಡೆಬಿಡದೆ ಸರಿಯುತ್ತಿರುವ ಕೆತ್ತನೆ. ವಿಡಿಯೊ ಅಡಕವಾಗುವುದು ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ಇರುವ ಹೋಲಿಕೆಯನ್ನು ಬಳಸಿಕೊಂಡು. ಬೋಳು ಗೋಡೆಯ ಮುಂದೆ ಕೂತು ಮಾತಾಡುವವರ ದೃಶ್ಯ ಕೆಲವೇ ಬಿಟ್‌ಗಳಲ್ಲಿ ಮುಗಿಯುತ್ತದೆ, ಈ ಶಿಲ್ಪಪಟ್ಟಿಕೆಗಳು ಮುಗಿಯುವುದಿಲ್ಲ. ಅದರ ಮೇಲೆ, ಇಂದಿನ ಅನೇಕ ಮೊಬೈಲುಗಳು 4ಕೆ ಗಾತ್ರದಲ್ಲಿ, ಎಚ್‌ಇವಿಸಿಯಲ್ಲಿ, ಕೆಲವೊಮ್ಮೆ 10 ಬಿಟ್ ಬಣ್ಣದಲ್ಲಿ ಚಿತ್ರೀಕರಿಸುತ್ತವೆ. ಪೈ 3ರಲ್ಲಿ ಪೂರ್ತಿ ಸಿನಿಮಾ ಸಲೀಸಾಗಿ ಓಡಿ, ಎರಡು ನಿಮಿಷದ ದೇವಸ್ಥಾನದ ವಿಡಿಯೊ ನಿಂತು ನಿಂತು ಬರುವುದಕ್ಕೆ ಇದೇ ಕಾರಣ.

ಇದನ್ನು ಊಹೆಗೆ ಬಿಡಬೇಕಿಲ್ಲ. ಕೋಡಿಯಲ್ಲಿ ವಿಡಿಯೊ ಓಡುತ್ತಿರುವಾಗ ಕೀಬೋರ್ಡಿನ ಇಂಗ್ಲಿಷ್ ‘ಓ’ ಅಕ್ಷರವನ್ನು ಒತ್ತಿದರೆ ಕೊಡೆಕ್ಕಿನ ಹೆಸರೂ ಅದನ್ನು ಬಿಡಿಸುತ್ತಿರುವುದು ಯಂತ್ರಾಂಶವೋ ತಂತ್ರಾಂಶವೋ ಎಂಬುದೂ ತೆರೆಯ ಮೇಲೆ ಬರುತ್ತದೆ. ತಂತ್ರಾಂಶವೆಂದಿದ್ದು ಚಿತ್ರವೂ ತಡೆಯುತ್ತಿದ್ದರೆ ಮದ್ದು ಸರಳ: ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಿಂದ, ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಓಡಿಸಿ, ಕಡತವನ್ನು 8 ಬಿಟ್‌ನ 1080ಪಿ ಎಚ್.264ಕ್ಕೆ ಬದಲಾಯಿಸಿಕೊಳ್ಳುವುದು. ಮೂಲ ಕಡತವನ್ನು ಮಾತ್ರ ಅಳಿಸಬಾರದು. ಊರಿನ ಗುಡಿಯ ದಾಖಲೆ ಅದರ ಪೂರ್ಣ ಗುಣಮಟ್ಟದಲ್ಲೇ ಉಳಿಯಬೇಕು. ಡಿವಿಡಿಗಳ ಎಂಪೆಗ್-2 ಕಡತಗಳದ್ದು ಇನ್ನೊಂದು ಕಥೆ. ಪೈ 3ರವರೆಗಿನ ಯಂತ್ರಗಳಲ್ಲಿ ಅದರ ಯಂತ್ರಾಂಶ ತೆರೆಯಲು ಸಣ್ಣ ಶುಲ್ಕದ ಪರವಾನಗಿ ಕೀಲಿ ಬೇಕಿತ್ತು.

ಇನ್ನು ವಿದ್ಯುತ್. ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತದ ಮೇಲೆ ಗುಮಾನಿ ಸಹಜ. ಆದರೆ ಈಗಿನ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ಚೆಸ್ಕಾಂ ಲೈನು ಸ್ವಲ್ಪ ಮಂಕಾದರೆ ಅವು ತಡೆದುಕೊಳ್ಳುತ್ತವೆ. ಸೋರಿಕೆ ಇರುವುದು ಅಡಾಪ್ಟರಿಗೂ ಬೋರ್ಡಿಗೂ ನಡುವಿನ ತೆಳು ಕೇಬಲಿನಲ್ಲಿ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಒಂದೂವರೆ ಮೀಟರ್ ಕೇಬಲೆಂದರೆ ಹೋಗಿ ಬರುವ ದಾರಿ ಸೇರಿ ಮೂರು ಮೀಟರ್, ಅಂದರೆ 0.64 ಓಮ್. ಯಂತ್ರ 1 ಆಂಪಿಯರ್ ಎಳೆದಾಗ ಅಷ್ಟೇ ವೋಲ್ಟ್ ದಾರಿಯಲ್ಲಿ ಕಳೆದು, 5.1ರಲ್ಲಿ ಬೋರ್ಡಿಗೆ ತಲಪುವುದು 4.46 ಮಾತ್ರ. ಪೈ 3ರಲ್ಲಿ 4.63 ವೋಲ್ಟಿಗಿಂತ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ, ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೇ ಉದ್ದದ 24 ಗೇಜಿನ ಕೇಬಲಿನಲ್ಲಿ ನಷ್ಟ ಕಾಲು ವೋಲ್ಟ್ ಅಷ್ಟೆ. ಕೇಬಲ್ ಬದಲಿಸಿದ ಮಾತ್ರಕ್ಕೆ ಯಂತ್ರ ಚುರುಕಾದರೆ ಆಶ್ಚರ್ಯವಿಲ್ಲ. ಶಾಖವೂ ಇದೇ ಕೆಲಸ ಮಾಡುತ್ತದೆ: ಚಿಪ್ಪು 80 ಡಿಗ್ರಿ ದಾಟಿದರೆ ವೇಗ ಇಳಿಯುತ್ತದೆ. ಮಂಡ್ಯ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ಟಿ.ವಿ.ಯ ಬೆನ್ನಿಗೆ ಅಂಟಿಸಿಟ್ಟರೆ ಆ ಮಟ್ಟ ದೂರವೇನಲ್ಲ.

ವಿಡಿಯೊ ಸರಿಯಾಗಿ ಓಡಿ, ಮೆನುಗಳು ಮಾತ್ರ ತೆವಳುತ್ತಿದ್ದರೆ ಕಾರ್ಡನ್ನು ನೋಡಬೇಕು. ಪೊಟ್ಟಣದ ಮೇಲಿನ ‘ಕ್ಲಾಸ್ 10’ ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ 10 ಮೆಗಾಬೈಟ್ ಎನ್ನುವ ಭರವಸೆ. ಕೋಡಿ ಪೋಸ್ಟರುಗಳಿಗೂ ಪಟ್ಟಿಗೂ ಅಲ್ಲಲ್ಲಿ ಚದುರಿದ ಚಿಕ್ಕ ಚಿಕ್ಕ ತುಣುಕುಗಳನ್ನು ಓದಿ ಬರೆಯುತ್ತಿರುತ್ತದೆ. ಅದರ ಬಗ್ಗೆ ಆ ಗುರುತು ಏನನ್ನೂ ಹೇಳುವುದಿಲ್ಲ. 2016ರಲ್ಲಿ ಬಂದ ‘ಎ1’ ಗುರುತು ಹೇಳುತ್ತದೆ: ಸೆಕೆಂಡಿಗೆ ಕನಿಷ್ಠ 1500 ಓದು, 500 ಬರಹ. ಪ್ರತಿ ಬಾರಿ ಯಂತ್ರ ಹೊತ್ತಿಸಿದಾಗಲೂ ಸಿನಿಮಾ ಪಟ್ಟಿಯನ್ನು ಹೊಸದಾಗಿ ಹುಡುಕಿಸುವ ಆಯ್ಕೆಯನ್ನು ತೆಗೆದುಬಿಡುವುದೂ ಒಳ್ಳೆಯದು. ಕಡತದ ಹೆಸರಿನಲ್ಲಿ ವರ್ಷ ಸೇರಿಸಿದರೆ 1973ರ ‘ಗಂಧದ ಗುಡಿ’ಗೂ 2022ರದಕ್ಕೂ ಗೊಂದಲವಾಗುವುದಿಲ್ಲ, ಮತ್ತೆ ಮತ್ತೆ ಹುಡುಕಿಸುವ ಕೆಲಸವೂ ತಪ್ಪುತ್ತದೆ.

ವೈಫೈ ವಿಷಯ ಚಿಕ್ಕದು. ತೊಟ್ಟಿಮನೆಯ ದಪ್ಪ ಮಣ್ಣುಗೋಡೆಗಳಲ್ಲಿ ಅಲೆಗಳು ಕುಗ್ಗುತ್ತವೆ. ರೂಟರಿನಿಂದ ಒಂದು ತಂತಿ ಎಳೆದರೆ ಮುಗಿಯಿತು.

ಕಡಿಮೆ ಬೆಲೆಯ ಯಂತ್ರವನ್ನು ಅದರ ಶಕ್ತಿಗೆ ತಕ್ಕಂತೆ ದುಡಿಸುವ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಂಸ್ಥೆಯವರೊಡನೆ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಅಗ್ಗದ ಕಂಪ್ಯೂಟರಿನಲ್ಲಿದ್ದುದು 206 ಮೆಗಾಹರ್ಟ್ಸ್ ಪ್ರೊಸೆಸರ್. ಅದಕ್ಕೆ ದೊಡ್ಡ ಕಂಪ್ಯೂಟರಿನ ತಂತ್ರಾಂಶವನ್ನು ಹೊರಿಸದೆ, ಐಎಂಎಲ್ ಎಂಬ ಹಗುರವಾದ ಭಾಷೆಯನ್ನೇ ಅವರು ಸಿದ್ಧಪಡಿಸಿದರು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಗೆಲ್ಲಲಿಲ್ಲ. ಆದರೆ ಆ ವಿನ್ಯಾಸದ ನಿಲುವು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಲಿಬ್ರೆಇಲೆಕ್‌ನಂಥ, ಕೋಡಿಗಾಗಿಯೇ ಕಟ್ಟಿದ ಪುಟ್ಟ ಲಿನಕ್ಸ್ ಇಂದು ಅದೇ ನಿಲುವಿನಲ್ಲಿ ನಡೆಯುತ್ತಿದೆ. ಅದರ ವ್ಯವಸ್ಥೆಯ ಕಡತ ಓದಲು ಮಾತ್ರ ತೆರೆದುಕೊಳ್ಳುವುದರಿಂದ ಕರೆಂಟು ಹೋದಾಗ ಕೆಡುವ ಸಾಧ್ಯತೆಯೂ ಕಡಿಮೆ.

ಯಾವ ರಿಪೇರಿಗೂ ಬಗ್ಗದ ಒಂದು ಸಂದರ್ಭವಿದೆ. ಹಣ ಕಟ್ಟಿ ನೋಡುವ ಹಲವು ಸೇವೆಗಳು ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆಯ ‘ಎಲ್1’ ಮಟ್ಟವಿಲ್ಲದ ಯಂತ್ರಕ್ಕೆ ಉತ್ತಮ ಗುಣಮಟ್ಟದ ಚಿತ್ರವನ್ನು ಕಳಿಸುವುದೇ ಇಲ್ಲ. ಪೈಯಲ್ಲಿ ಆ ಮಟ್ಟವಿಲ್ಲ. ಅಲ್ಲಿ ಚಿತ್ರ ಮಸುಕಾಗಿದ್ದರೆ ಕೇಬಲನ್ನೂ ಕಾರ್ಡನ್ನೂ ಬದಲಿಸುವುದು ವ್ಯರ್ಥ; ಆ ಸೇವೆಗಳಿಗೆ ಮಾನ್ಯತೆ ಪಡೆದ ಸೆಟ್‌ಟಾಪ್ ಬಾಕ್ಸನ್ನು ಬಳಸಿ, ಮನೆಯ ಸ್ವಂತ ಸಂಗ್ರಹಕ್ಕೆ ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಬಹುದು.