ಪಾನಮುಕ್ತರ ಸಭೆಗಳ ಪೂರ್ವವೃತ್ತಾಂತ

ಪಾನವ್ಯಸನವನ್ನು ಬಿಡಿಸುವದಕ್ಕಾಗಿ ಔಷಧ, ಉಪದೇಶ, ಆಣೆ, ಬಂಧುಬಳಗದವರ ಕಣ್ಣೀರು ಇವೆಲ್ಲವೂ ಬಹುಕಾಲದಿಂದ ಪ್ರಯೋಗಿಸಲ್ಪಟ್ಟಿವೆ. ಆದರೆ ಒಬ್ಬ ವ್ಯಸನಿಗೆ ಇನ್ನೊಬ್ಬ ವ್ಯಸನಿಯೇ ಆಸರೆಯಾಗಬಲ್ಲನೆಂಬ ಮಾತು ಸ್ಥಿರವಾದ ಸಭೆಯ ರೂಪವನ್ನು ತಾಳಿದ್ದು ಅಮೇರಿಕಾ ದೇಶದಲ್ಲಿ. ಅದೂ ಒಮ್ಮೆ ಹುಟ್ಟಿ ಅಳಿದ ಮೇಲೆ.

1840ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಆರು ಮಂದಿ ಕುಡುಕರು ಕೂಡಿ, ಇನ್ನು ಮದ್ಯವನ್ನು ಮುಟ್ಟೆವೆಂದು ಪ್ರತಿಜ್ಞೆಗೈದು, ವಾಶಿಂಗ್ಟನ್ನನ ಹೆಸರಿನಿಂದ ಒಂದು ಸಂಘವನ್ನು ಸ್ಥಾಪಿಸಿದರು. ವಾರವಾರವೂ ಸಭೆ ಸೇರಿ ತಮ್ಮ ತಮ್ಮ ಪತನದ ಕಥೆಯನ್ನು ತಾವೇ ಹೇಳಿಕೊಳ್ಳುವದು ಅವರ ಕ್ರಮವಾಗಿದ್ದಿತು. ಸಹಸ್ರಾರು ಜನರು ಆ ಪ್ರತಿಜ್ಞೆಗೆ ರುಜು ಹಾಕಿದರು. ಆದರೆ ರಾಜಕೀಯದ ವಾದಗಳೂ ಮದ್ಯನಿಷೇಧದ ಶಾಸನದ ಜಗಳಗಳೂ ಒಳಹೊಕ್ಕವು. ವೇದಿಕೆಯ ಮೇಲಿನ ಕೀರ್ತಿಯ ಆಸೆಯೂ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಸಂಘವು ಕ್ಷೀಣಿಸಿ ಮರೆಯಾಯಿತು.

ಮುಂದಿನ ವೃತ್ತಾಂತವು ಓಹಾಯೋ ಪ್ರಾಂತದ ಆಕ್ರನ್ ನಗರದ್ದು. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥನು ಕುಡಿತದಿಂದ ಸರ್ವಸ್ವವನ್ನೂ ಕಳೆದುಕೊಂಡು, 1934ರ ಡಿಸೆಂಬರಿನಲ್ಲಿ ಆಸ್ಪತ್ರೆಯನ್ನು ಸೇರಿ ಮದ್ಯವನ್ನು ಬಿಟ್ಟಿದ್ದನು. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕಾಗಿ ಆಕ್ರನ್ನಿಗೆ ಬಂದು, ಅದರಲ್ಲಿ ಸೋತು, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಒಂದು ಕಡೆ ಪಾನಗೃಹದ ನಗುವಿನ ಸಪ್ಪಳ. ಇನ್ನೊಂದು ಕಡೆ ಟೆಲಿಫೋನು, ಅದರ ಬಳಿಯಲ್ಲಿ ನಗರದ ಚರ್ಚುಗಳ ಪಟ್ಟಿ. ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಕುಡಿಯುವದು ನಿಶ್ಚಯವೆಂದು ಅವನಿಗೆ ತೋರಿತು. ಪಟ್ಟಿಯಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಟೆಲಿಫೋನು ಮಾಡಿದನು. ಅವರು ಕೊಟ್ಟ ಹೆಸರುಗಳನ್ನು ಹಿಡಿದು ಒಬ್ಬರಾದ ಮೇಲೊಬ್ಬರನ್ನು ವಿಚಾರಿಸುತ್ತ, ಕಡೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದನು. ಸಭೆಯೇ ಇಲ್ಲದ ಕಾಲದಲ್ಲಿ ಸಭೆಯನ್ನು ಹುಡುಕಿದ ಪರಿ ಇದು!

ಆಕೆಯ ಮನೆಯಲ್ಲಿ ಮರುದಿನ ಡಾಕ್ಟರ್ ರಾಬರ್ಟ್ ಸ್ಮಿಥ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಕಾಲುಗಂಟೆಗಿಂತ ಹೆಚ್ಚು ಕೂಡ್ರುವದಿಲ್ಲವೆಂದು ಹೇಳಿ ಬಂದಿದ್ದ ವೈದ್ಯನು ರಾತ್ರಿಯವರೆಗೂ ಎದ್ದು ಹೋಗಲಿಲ್ಲ. ಕುಡಿತದ ಕೇಡನ್ನು ಕುರಿತು ಅವನಿಗೆ ಹೇಳಿದವರು ಬೇಕಾದಷ್ಟು ಮಂದಿ ಇದ್ದರು. ತಾನು ಅನುಭವಿಸಿ ಹೇಳಿದವನು ಇವನೊಬ್ಬನೇ. ಆದರೂ ಅಂದೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಕೆಲವು ವಾರಗಳ ತರುವಾಯ ವೈದ್ಯರ ಮಹಾಸಭೆಗೆಂದು ಪರವೂರಿಗೆ ಹೋದ ಸ್ಮಿಥ್‌ನು ಮತ್ತೆ ಕುಡಿದು, ಮೈಮರೆತು ಮರಳಿದನು. ಶಸ್ತ್ರಕ್ರಿಯೆಯೊಂದನ್ನು ನಡೆಸಬೇಕಾಗಿದ್ದ ದಿನ ಅವನ ಕೈ ನಡುಗುತ್ತಿದ್ದುದನ್ನು ಕಂಡು ವಿಲ್ಸನ್ನನೇ ಒಂದು ಸೀಸೆ ಬೀರನ್ನು ಕೊಟ್ಟನು. ಅದೇ ಕಡೆಯದು. ಆ ದಿನ ಸ್ಮಿಥ್‌ನು ಆಸ್ಪತ್ರೆಯಿಂದ ನೇರವಾಗಿ ಮನೆಗೆ ಬರದೆ, ತಾನು ಅನ್ಯಾಯ ಮಾಡಿದವರ ಬಾಗಿಲುಗಳಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದನು. 1935ರ ಜೂನ್ 10 ಎಂಬ ಆ ತಾರೀಖನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯವರು ತಮ್ಮ ಜನ್ಮದಿನವೆಂದು ಎಣಿಸುತ್ತಾರೆ.

ಮೊದಮೊದಲು ಸಭೆಗಳು ಆಕ್ರನ್ನಿನಲ್ಲಿ ಒಬ್ಬ ಗೃಹಸ್ಥನ ಮನೆಯಲ್ಲಿ ಬುಧವಾರಗಳಂದು, ಒಂದು ಕ್ರೈಸ್ತ ಭಜನಾಮಂಡಲದ ಆಶ್ರಯದಲ್ಲಿ ಕೂಡುತ್ತಿದ್ದವು. ಕ್ಲೀವ್‌ಲ್ಯಾಂಡ್ ನಗರದವರು ಮೂವತ್ತಕ್ಕೂ ಹೆಚ್ಚು ಮೈಲುಗಳ ದಾರಿಯನ್ನು ನಡೆಸಿ ಅಲ್ಲಿಗೆ ಬರುತ್ತಿದ್ದರು. ಬೇರೆ ಮತದವರಿಗೆ ಆ ಮಂಡಲದ ಆಶ್ರಯವು ಸಂಕೋಚವನ್ನುಂಟುಮಾಡಿದ್ದರಿಂದ, ಅವರು 1939ರ ಮೇ ತಿಂಗಳಲ್ಲಿ ತಮ್ಮೂರಿನಲ್ಲಿಯೇ ಪ್ರತ್ಯೇಕ ಸಭೆಯನ್ನು ಹೂಡಿದರು. ಮರುವರ್ಷ ಆಕ್ರನ್ನಿನವರೂ ಒಂದು ಶಾಲೆಗೆ ತಮ್ಮ ಸಭೆಯನ್ನು ಸಾಗಿಸಿದರು. ಕ್ಲೀವ್‌ಲ್ಯಾಂಡಿನ ವರ್ತಮಾನಪತ್ರವು ಲೇಖನಮಾಲೆಯನ್ನು ಪ್ರಕಟಿಸಲು, ಸಹಾಯವನ್ನು ಬೇಡಿದ ಕರೆಗಳು ನೂರುಗಟ್ಟಲೆ ಬಂದವು. ಕೆಲವೇ ವಾರ ಪಾನಮುಕ್ತನಾಗಿದ್ದವನು ನಿನ್ನೆ ಬಂದವನಿಗೆ ದಾರಿ ತೋರಬೇಕಾಯಿತು. 1941ರ ಮಾರ್ಚಿಯಲ್ಲಿ ಸ್ಯಾಟರ್‌ಡೇ ಈವನಿಂಗ್ ಪೋಸ್ಟ್ ಪತ್ರಿಕೆಯ ಲೇಖನವು ಹೊರಟ ಮೇಲೆ, ಸುಮಾರು 2000 ಇದ್ದ ಸದಸ್ಯರ ಸಂಖ್ಯೆಯು ಅದೇ ವರ್ಷದ ಅಂತ್ಯಕ್ಕೆ 8000ಕ್ಕೆ ಏರಿತು.

ಬಾಲ್ಟಿಮೋರಿನವರು ಎಡವಿದಲ್ಲಿ ಇವರು ಎಚ್ಚರದಿಂದ ನಡೆದರು. 1950ರ ಜುಲೈ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳ ಮೇರೆಗೆ ಸದಸ್ಯತ್ವಕ್ಕೆ ಕುಡಿತವನ್ನು ಬಿಡುವ ಇಚ್ಛೆಯೊಂದೇ ಸಾಕು; ಹೊರಗಿನ ಧನವನ್ನು ಸ್ವೀಕರಿಸಬಾರದು; ಹೊರಗಿನ ವಿವಾದಗಳಲ್ಲಿ ಬೀಳಬಾರದು; ಪತ್ರಿಕೆಗಳಲ್ಲಿ ಹೆಸರನ್ನು ಹೊರಗೆಡಹಬಾರದು. ಈ ಕಡೆಯ ನಿಯಮವೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಾನಕ್ಕೆ ಅಂಜಿ ಬಾಗಿಲಲ್ಲಿಯೇ ನಿಂತವನನ್ನು ಒಳಗೆ ಕರೆತಂದದ್ದು ಅದೇ.

ನಮ್ಮ ನಾಡಿನಲ್ಲಿ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯು ಭಕ್ತವೃಂದಕ್ಕೆ ವಿದಿತವಾಗಿಯೇ ಇದೆ. ಅಲ್ಲಿ ಗುರುವೇ ಮನೆಬಾಗಿಲಿಗೆ ಬಂದು ವ್ಯಸನವನ್ನು ಭಿಕ್ಷೆ ಬೇಡಿದನು. ಇಲ್ಲಿ ವ್ಯಸನಿಯೇ ಸಭೆಯನ್ನರಸಿ ಹೋಗಬೇಕು. ಎರಡಕ್ಕೂ ವಿರೋಧವಿಲ್ಲ. ಜೋಳಿಗೆಗೆ ವ್ಯಸನವನ್ನು ಹಾಕಿದವನಿಗೂ ಮರುವಾರದ ಸಂಜೆಯನ್ನು ಕಳೆಯಲು ಒಂದು ನೆಲೆ ಬೇಕಷ್ಟೆ. ಬೆಂಗಳೂರು ಮೊದಲಾದ ನಗರಗಳಲ್ಲಿ ಇಂಥ ಸಭೆಗಳು ನಡೆಯುತ್ತವೆ. ಪ್ರವೇಶಕ್ಕೆ ಶುಲ್ಕವಿಲ್ಲ, ಮಾತನಾಡಲೇಬೇಕೆಂಬ ನಿರ್ಬಂಧವೂ ಇಲ್ಲ. ಕೆಲವು ಸಭೆಗಳು ವ್ಯಸನಿಗಳಿಗೆ ಮಾತ್ರ ಮೀಸಲು. ಬಹಿರಂಗ ಸಭೆಗಳಿಗೆ ಮನೆಯವರೂ ಹೋಗಬಹುದು. ಗಂಡನ ಕುಡಿತದಿಂದ ನೊಂದ ಹೆಂಡತಿಯರೇ ಮೊದಲಾದವರಿಗಾಗಿ ವಿಲ್ಸನ್ನನ ಪತ್ನಿ ಲೋಯಿಸ್ ಎಂಬಾಕೆಯು ತನ್ನ ಗೆಳತಿಯೊಡನೆ 1951ರಲ್ಲಿ ಅಲ್-ಅನಾನ್ ಎಂಬ ಬೇರೊಂದು ಸಂಸ್ಥೆಯನ್ನು ಕಟ್ಟಿದಳು. ಗಂಡನು ಇನ್ನೂ ಕುಡಿಯುತ್ತಿದ್ದರೂ ಹೆಂಡತಿಯು ಅಲ್ಲಿಗೆ ಹೋಗಬಹುದು.