ಓಲ್ಡ್ ಡಿಯರ್ ಪಾರ್ಕ್: ಥೇಮ್ಸ್ ದಂಡೆಯ ಅರಸರ ನೆಲ

ಲಂಡನ್ನಿನ ನೈಋತ್ಯ ಹೊರವಲಯದಲ್ಲಿ, ರಿಚ್ಮಂಡ್ ಊರಿಗೂ ಕ್ಯೂ ಸಸ್ಯೋದ್ಯಾನಕ್ಕೂ ನಡುವೆ ಥೇಮ್ಸ್ ನದಿ ಬಳಸಿ ಹರಿಯುವ ಬಯಲೇ ಓಲ್ಡ್ ಡಿಯರ್ ಪಾರ್ಕ್. ಹೆಸರಿನಲ್ಲಷ್ಟೇ ಜಿಂಕೆ ಉಳಿದಿದೆ. ನಿಜವಾದ ಜಿಂಕೆಗಳನ್ನು ನೋಡಬೇಕಾದವರು ಗುಡ್ಡದ ಮೇಲಿನ ರಿಚ್ಮಂಡ್ ಪಾರ್ಕಿಗೆ ಹೋಗಬೇಕು. ನೆಲ ಇಂದಿಗೂ ಬ್ರಿಟಿಷ್ ರಾಜಪೀಠದ ಆಸ್ತಿ. ಹೆದ್ದಾರಿಯ ಪಕ್ಕದ ಒಂದಿಷ್ಟು ಭಾಗದಲ್ಲಿ ಊರ ಜನ ಆಡುತ್ತಾರೆ, ಓಡುತ್ತಾರೆ. ಉಳಿದ ಬಹುಪಾಲು ಗಾಲ್ಫ್ ಮೈದಾನ.

ಐದನೆಯ ಹೆನ್ರಿ 1414ರಲ್ಲಿ ಇಲ್ಲಿ ಕಾರ್ಥೂಸಿಯನ್ ಸನ್ಯಾಸಿಗಳಿಗೆ ಮಠ ಕಟ್ಟಿಸಿದ. ಎಂಟನೆಯ ಹೆನ್ರಿಯ ಕಾಲದಲ್ಲಿ ಅದು ಮುಚ್ಚಿತು. ಅದೇ ಜಾಗದಲ್ಲಿ ವೆಸ್ಟ್ ಶೀನ್ ಎಂಬ ಪುಟ್ಟ ಊರು ಬೆಳೆಯಿತು. ಮೂರನೆಯ ಜಾರ್ಜ್ ತನ್ನ ಉದ್ಯಾನವನ್ನು ವಿಸ್ತರಿಸುವಾಗ ಆ ಊರನ್ನೂ ನೆಲಸಮ ಮಾಡಿಸಿದ. ಈಗ ನೆಲದ ಮೇಲೆ ಮಠದ ಕುರುಹೂ ಇಲ್ಲ, ಊರಿನದೂ ಇಲ್ಲ. ಚೆಂದದ ಹಸಿರಿಗಾಗಿ ಒಂದು ಊರನ್ನೇ ಅಳಿಸಿದ್ದು ಆ ಕಾಲದ ಅರಸರಿಗೆ ದೊಡ್ಡ ವಿಷಯವಾಗಿರಲಿಲ್ಲ.

ಆದರೆ ಅದೇ ಅರಸನಿಗೆ ವಿಜ್ಞಾನದ ಹುಚ್ಚೂ ಇತ್ತು. 1769ರ ಜೂನ್ 3ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗುವುದನ್ನು ನೋಡಲೆಂದೇ ವಿಲಿಯಂ ಚೇಂಬರ್ಸ್ ಎಂಬ ವಾಸ್ತುಶಿಲ್ಪಿಯಿಂದ ವೀಕ್ಷಣಾಲಯ ಕಟ್ಟಿಸಿದ. ಗಾಲ್ಫ್ ಮೈದಾನದ ನಡುವೆ ಒಂಟಿಯಾಗಿ ನಿಂತಿರುವ ಗುಮ್ಮಟದ ಬಿಳಿ ಕಟ್ಟಡ ಅದೇ. ದೂರದರ್ಶಕವನ್ನು ದಕ್ಷಿಣೋತ್ತರ ರೇಖೆಗೆ ಸರಿಹೊಂದಿಸಲು ನೆಟ್ಟ ಕಲ್ಲಿನ ಸ್ತಂಭಗಳೂ ಬಯಲಿನಲ್ಲಿ ಉಳಿದಿವೆ. 19ನೇ ಶತಮಾನದಲ್ಲಿ ಇಲ್ಲಿ ತಾಪಮಾಪಕ, ವಾಯುಭಾರಮಾಪಕಗಳನ್ನು ಪರೀಕ್ಷಿಸಿ ಮುದ್ರೆಯೊತ್ತಿ ಕೊಡುತ್ತಿದ್ದರು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು ಗುರುತ್ವ ಅಳೆಯಲು ಬಳಸಿದ ಲೋಲಕಗಳು ಕೂಡ ಇಲ್ಲಿ ತೂಗಾಡಿಸಿ ನೋಡಿದ ಮೇಲೆಯೇ ಇಂಡಿಯಾಕ್ಕೆ ಬಂದವು. ವೀಕ್ಷಣಾಲಯ 1980ರಲ್ಲಿ ಮುಚ್ಚಿತು.

ರಾಯಲ್ ಮಿಡ್-ಸರ್ರೆ ಗಾಲ್ಫ್ ಕ್ಲಬ್ಬು 1892ರದು. ಐದು ಬಾರಿ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದ ಜೆ. ಎಚ್. ಟೇಲರ್ ದಶಕಗಳ ಕಾಲ ಇಲ್ಲಿ ವೃತ್ತಿಪರ ಆಟಗಾರನಾಗಿದ್ದ. ಸಪಾಟು ನೆಲದಲ್ಲಿ ಆಟ ಸಪ್ಪೆಯಾಗುತ್ತದೆಂದು ಹುಲ್ಲಿನ ದಿಬ್ಬ, ತಗ್ಗುಗಳನ್ನು ಮಾಡಿಸಿದವರಲ್ಲಿ ಅವನೂ ಒಬ್ಬ. ಆಟದ ಮೈದಾನ ಸದಸ್ಯರಿಗೆ ಮೀಸಲು, ನಿಜ. ಆದರೂ ಮನೆಗಳ ಸಾಲು ಇಲ್ಲಿಗೆ ನುಗ್ಗದಿರುವುದರಲ್ಲಿ ಅದರ ಪಾಲೂ ಇದೆ.

ಎಲ್ಲರಿಗೂ ತೆರೆದಿರುವುದು ನದಿದಂಡೆಯ ದಾರಿ. ಹಿಂದೆ ಕುದುರೆಗಳು ದೋಣಿಗಳನ್ನು ಹಗ್ಗದಿಂದ ಎಳೆದ ಹಾದಿಯಿದು. ರಿಚ್ಮಂಡ್ ಸೇತುವೆಯಿಂದ ಹೊರಟರೆ ರೈಲು ಸೇತುವೆ, 1933ರ ಟ್ವಿಕನಂ ಸೇತುವೆ ದಾಟಿ, 1894ರಲ್ಲಿ ತೆರೆದ ರಿಚ್ಮಂಡ್ ಲಾಕ್ ಎಂಬ ನೀರುಬಾಗಿಲುಗಳ ಕಟ್ಟೆ ಸಿಗುತ್ತದೆ. ನೀರಿನ ಹರಿವನ್ನು ತಡೆಯುತ್ತಿದ್ದ ಹಳೆಯ ಲಂಡನ್ ಸೇತುವೆಯನ್ನು ಕೆಡವಿದ ಮೇಲೆ ಇಳಿತದ ಹೊತ್ತಿನಲ್ಲಿ ನದಿ ಇಲ್ಲಿ ಕೆಸರಿನ ಕಾಲುವೆಯಂತಾಗುತ್ತಿತ್ತು. ನೀರು ಹಿಡಿದಿಡಲು ಈ ಬಾಗಿಲುಗಳನ್ನು ಹಾಕಿದರು. ಮೇಲಿನ ಕಾಲುಸೇತುವೆ ದಾಟಲು ಆಗ ಒಂದು ಪೆನ್ನಿ ಸುಂಕವಿತ್ತು.

ಅಲ್ಲಿಂದ ಮುಂದೆ ಎಡಕ್ಕೆ ನದಿ, ಬಲಕ್ಕೆ ಕಂದಕದಾಚೆ ಗಾಲ್ಫ್ ಮೈದಾನ. ಬಿಸಿಲಿನ ದಿನ ನಡೆಯಲು ಹಿತವಾದ ದಾರಿ. ಮರಗಳ ನೆರಳು ಬಹುಪಾಲು ಜೊತೆಗಿರುತ್ತದೆ. ಎದುರು ದಂಡೆಯಲ್ಲಿ ಐಲ್‌ವರ್ತ್‌ನ ಹಳೆಯ ಚರ್ಚಿನ ಗೋಪುರ, ಆಮೇಲೆ ಸಯಾನ್ ಹೌಸ್ ಅರಮನೆ ಕಾಣುತ್ತವೆ. ಅಷ್ಟರಲ್ಲಿ ಬಲಗಡೆ ಕ್ಯೂ ಉದ್ಯಾನ ಶುರುವಾಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ನೀರು ದಾರಿಯ ಮೇಲೇ ಬರುವುದುಂಟು. ಆದ್ದರಿಂದ ಹೊರಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿಕೊಳ್ಳುವುದು ಇಲ್ಲಿನವರ ರೂಢಿ.